ಬಸವಣ್ಣೆಪ್ಪ ನೋಡದೆ ಬಿಟ್ಟ ಅಂಚು

ಉದಗೀರದ ಅಡತ ಬಜಾರಿನಲ್ಲಿ, ಅಂದರೆ ಕಾಳಿನ ದಲ್ಲಾಳಿ ಪೇಟೆಯಲ್ಲಿ, ಅವನನ್ನು ಬರೀ ಬಸವಣ್ಣೆಪ್ಪ ಎಂದು ಯಾರೂ ಕರೆಯುತ್ತಿರಲಿಲ್ಲ. ನಮೂನೆ ಬಸವಣ್ಣೆಪ್ಪ ಎನ್ನುತ್ತಿದ್ದರು. ವಿಶ್ವನಾಥಪ್ಪನವರ ಅಂಗಡಿಗೆ ಬಂದ ಚೀಲಗಳಿಗೆ ಪರಖಿ ಚುಚ್ಚುವುದು ಅವನ ಕೆಲಸ. ಪರಖಿ ಎಂದರೆ ಗೇಣುದ್ದದ, ತುದಿ ಚೂಪಾದ ಕಬ್ಬಿಣದ ಕೊಳವೆ. ಚೀಲದ ಹೊಟ್ಟೆಗೆ ತಿವಿದರೆ ಒಂದು ಮುಷ್ಟಿ ಕಾಳು ಅಂಗೈಗೆ ಜಾರುತ್ತದೆ. ಅದನ್ನು ಅವನು ಬೆಳಕಿಗೆ ಹಿಡಿಯುತ್ತಿದ್ದ, ಹೆಬ್ಬೆರಳಿನಿಂದ ಹೊರಳಿಸುತ್ತಿದ್ದ, ಎರಡು ಕಾಳು ಕಡಿದು ನೋಡುತ್ತಿದ್ದ. ಆಮೇಲೆ ಇದು ಜಳಕೋಟದ ಕಡೆಯ ತೊಗರಿ, ಇದು ಮುರುಮಿನ ಗರಸು ನೆಲದ್ದು, ಇದರಲ್ಲಿ ಹೋದ ವರ್ಷದ ಮಾಲು ಬೆರೆತಿದೆ ಎಂದು ಮೆಲ್ಲಗೆ ಹೇಳುತ್ತಿದ್ದ. ಅವನು ಹೇಳಿದ ಮೇಲೆ ಯಾರೂ ಎರಡನೆಯ ಚೀಲ ಬಿಚ್ಚುತ್ತಿರಲಿಲ್ಲ.

ಅವನಿಗೆ ತನ್ನವರು ಎಂದರೆ ತಂಗಿ ಪ್ರಯಾಗಬಾಯಿ ಒಬ್ಬಳೇ. ತಾಯಿ ತಂದೆ ಬೇಗ ಹೋದರು. ಅವನು ಮದುವೆಯಾಗಲಿಲ್ಲ, ಆದರೆ ತಂಗಿಗೆ ಗಂಡು ಹುಡುಕುವಾಗ ಬಹಳ ಊರು ತಿರುಗಿದ. ಹೊಲ ಹೆಚ್ಚಿದ್ದ ಮನೆಗಳನ್ನು ಬಿಟ್ಟು, ಜಳಕೋಟದ ಆಚೆ ಗುಡ್ಡದ ಇಳಿಜಾರಿನಲ್ಲಿದ್ದ ಹಿಂಗಣವಾಡಿ ಎಂಬ ಸಣ್ಣ ವಾಡಿಯಲ್ಲಿ ಮನ್ಮಥಪ್ಪನ ಮನೆಗೆ ಕೊಟ್ಟ. ಆ ವಾಡಿಯ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿರಲಿಲ್ಲ. ಬಜಾರಿನಲ್ಲಿ ಯಾರಾದರೂ ಕೇಳಿದರೆ, "ನೀರಿರೋ ಮನಿಗೆ ಕೊಟ್ಟೀನ್ರೀ" ಎನ್ನುತ್ತಿದ್ದ.

ಎಪ್ಪತ್ತೆರಡರ ಬರದಲ್ಲಿ ಅಡತ ಬಜಾರು ಬರಿದಾಯಿತು. ಹಿಂದಿನ ವರ್ಷವೂ ಮಳೆ ಸರಿಯಾಗಿ ಬಂದಿರಲಿಲ್ಲ. ಚೀಲಗಳ ಥಪ್ಪಿ ಇರುತ್ತಿದ್ದ ಕಡೆ ನಾಯಿಗಳು ಮಲಗಿದವು. ಪರಖಿಗೆ ತುಕ್ಕು ಹತ್ತಿತು. ಆಗ ವಿಶ್ವನಾಥಪ್ಪನವರೇ ಯಾರಿಗೋ ಹೇಳಿ, ಅಂತರ್ಜಲ ನೋಡಲು ಬಂದಿದ್ದ ಸರಕಾರಿ ಸಾಹೇಬರ ಕೈಕೆಳಗೆ ಅವನನ್ನು ಹಚ್ಚಿದರು. ತೋಡುತ್ತಿರುವ ಬಾವಿಗಳಿಂದ ಕಲ್ಲಿನ ನಮೂನೆ ಆರಿಸಿ ತರುವುದು, ಯಾವ ಬಾವಿಯದು ಎಂದು ಗುರುತು ಹಾಕಿ ಇಡುವುದು ಅವನ ಕೆಲಸ. ನಮೂನೆ ಎಂಬ ಮಾತು ಕೇಳಿಯೇ ಅವನು ಒಪ್ಪಿಕೊಂಡಿದ್ದ.

ಸಾಹೇಬರು ಅಕ್ಕಲಕೋಟೆ ಕಡೆಯವರು, ಕನ್ನಡ ಬರುತ್ತಿತ್ತು. ಒಂದು ಮಧ್ಯಾಹ್ನ ಇಬ್ಬರೂ ಹಿಂಗಣವಾಡಿಗೆ ಬಂದರು. ಪ್ರಯಾಗಬಾಯಿ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ಒಳಗೆ ಕೂತ ಮೇಲೆ ಒಂದು ತಾಟಿನಲ್ಲಿ ಬೆಲ್ಲ, ಒಂದು ತುಂಬಿದ ಚರಿಗೆ ತಂದಿಟ್ಟಳು. ಊರೂರಿನಲ್ಲಿ ಕಾಲಿಗೆ ನೀರು ಕೊಡುವುದನ್ನು ಜನ ನಿಲ್ಲಿಸಿದ್ದ ದಿನಗಳವು. ಬಸವಣ್ಣೆಪ್ಪನಿಗೆ ಹೆಮ್ಮೆಯಾಯಿತು.

ಗೋಡೆಯ ಕಟ್ಟೆಯ ಮೇಲೆ ಹೊದೆಯುವ ಕೌದಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಪ್ರಯಾಗಬಾಯಿಯ ಅತ್ತೆ ಗುಂಡಮ್ಮ ಹೊಲಿದವು ಅವು. ಸಾಹೇಬರು ನೀರು ಕುಡಿಯುತ್ತ ಅವುಗಳನ್ನೇ ನೋಡುತ್ತಿದ್ದರು.

"ಎಷ್ಟು ಕೌದಿ ಅವಬೇ ಅಜ್ಜಿ?"

"ಮೂರ್ರೀ."

"ನನಗ ಇಪ್ಪತ್ತು ಕಾಣ್ತಾವಲ್ಲ. ಕೆಂಪು, ನೀಲಿ, ಹಳದಿ..."

ಗುಂಡಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅವು ತ್ಯಾಪಿರೀ ಸಾಹೇಬ್ರ. ಹಳೀ ಸೀರೀದು, ಧೋತ್ರದ್ದು. ತ್ಯಾಪಿ ಎಣಿಸಿದ್ರ ಕೌದಿ ಎಣಿಸಿದಂಗ ಆಗ್ತದೇನ್ರೀ? ಅಂಚು ನೋಡಬೇಕು."

"ಬರೋಬರಿ! ನನ್ನ ಕೆಲಸನೂ ಅದೇ," ಎಂದು ಸಾಹೇಬರು ಎದ್ದರು. ಅವರು ಮೊದಲು ಹಿಮಾಲಯದಲ್ಲಿ ಕೆಲಸ ಮಾಡಿದ್ದವರು. ಮೂರೂ ಕೌದಿಗಳನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಎರಡೂ ಕೈಯಿಂದ ಗೋಡೆಯ ಕಡೆಗೆ ದಬ್ಬಿದರು. ಕೌದಿಗಳು ಸುಕ್ಕಾಗಿ ಎದ್ದವು, ಒಂದು ಇನ್ನೊಂದರ ಬೆನ್ನೇರಿತು.

"ಅಯ್ಯ, ಮಡಿಚಿ ಇಟ್ಟಿದ್ನಲ್ರೀ!" ಎಂದಳು ಪ್ರಯಾಗಬಾಯಿ.

"ಮತ್ತ ಮಡಚ್ತೀನವಾ, ತಡಿ. ಹಿಮಾಲಯ ಹಿಂಗೇ ಆಗ್ಯದ. ಬಂಡೆಗಲ್ಲಿಂದು ಇಂಥ ದೊಡ್ಡ ದೊಡ್ಡ ಹಾಸು ಅವ, ಒಂದೊಂದು ಎಷ್ಟೋ ಹರದಾರಿ ಉದ್ದ. ಭೂಮಿ ದಬ್ಬಿದ್ದಕ್ಕ ಒಂದರ ಮ್ಯಾಲ ಒಂದು ಏರಿ ಕೂತಾವ. ಕೆಲವು ಕಡಿ ಹಳೀ ಕಲ್ಲು ಮ್ಯಾಲ, ಹೊಸಾದು ಕೆಳಗ. ಇದು ಕೆಳಗಿನ ಹಾಸು, ಇದು ನಡುವಿಂದು, ಇದು ಮ್ಯಾಲಿಂದು ಅಂತ ಹೆಸರಿಡೋದು ಹ್ಯಾಂಗ? ಕಲ್ಲಿನ ಬಣ್ಣ ನೋಡಿ ಹೇಳಿದ್ರ ಕೆಟ್ಟಿ. ಒಂದೇ ಹಾಸಿನಾಗ ಹತ್ತು ನಮೂನಿ ಕಲ್ಲು ಇರ್ತಾವ, ಅಜ್ಜಿ ತ್ಯಾಪಿ ಇದ್ದಂಗ. ಎರಡು ಹಾಸು ತಿಕ್ಕ್ಯಾಡಿದ ಜಾಗಾದಾಗ ಕಲ್ಲು ಅರದು ಹಿಟ್ಟಾಗಿರ್ತದ. ಆ ಗೆರಿ ಹುಡಕಬೇಕು. ಆ ಗೆರಿ ಮ್ಯಾಲಿಂದ ಮುಂದಿನ ಗೆರಿ ತನಾ ಏನದನೋ ಎಲ್ಲಾ ಒಂದೇ ಹಾಸು."

"ನಡುವ ಹರದಿದ್ರ?" ಗುಂಡಮ್ಮ ಕೇಳಿದಳು.

"ಹರದಿದ್ರ ತೂತಿನಾಗ ಕೆಳಗಿಂದು ಕಾಣ್ತದ. ಹರದ ತುಂಡು ದೂರ ಎಲ್ಲೋ ಒಂಟಿ ಗುಡ್ಡದ ಮ್ಯಾಲ ಕೂತಿದ್ರೂ ಅದು ಆ ಕೌದೀದೇ ತುಂಡು."

ಆಮೇಲೆ ಅವರು ಬಸವಣ್ಣೆಪ್ಪನ ಕಡೆ ತಿರುಗಿದರು. ಇಲ್ಲಿ ಯಾರೂ ದಬ್ಬಿಲ್ಲ, ಇಲ್ಲಿ ಬೆಂಕಿಯ ಕೆಸರು ಹರಿದು ಆರಿ ಕಲ್ಲಾಗಿದೆ, ಅದರ ಮೇಲೆ ಇನ್ನೊಂದು ಹರಿದಿದೆ, ಆದರೆ ಎಣಿಸುವ ರೀತಿ ಅದೇ ಎಂದರು. ನಮ್ಮಲ್ಲಿ ಅಂಚು ಎಂದರೆ ಎರಡು ಹಾಸುಗಳ ನಡುವಿನ ಕೆಂಪು ಮಣ್ಣಿನ ಗೆರೆ. ಎರಡು ಬಾವಿ ಒಂದೇ ಕೆಂಪು ಗೆರೆಯ ಮೇಲೆ ಕೂತಿದ್ದರೆ ಎರಡರ ನೀರೂ ಒಂದೇ. ಕೆಳಗಿನದನ್ನು ತೋಡಿದರೆ ಮೇಲಿನದು ಇಳಿಯುತ್ತದೆ.

ಬಸವಣ್ಣೆಪ್ಪ ಹೂಂ ಎಂದ. ಕೌದಿಯ ಆಟ ಹೆಂಗಸರನ್ನು ನಗಿಸಲು ಆಡಿದ್ದು ಎಂದುಕೊಂಡ.

ಸಾಹೇಬರು ಹಿಂಗಣವಾಡಿಗೆ ಬಂದದ್ದು ಒಂದು ಕಾರಣಕ್ಕೆ. ಇಳಿಜಾರಿನ ಬುಡದಲ್ಲಿ ಖುರ್ದಳ್ಳಿ ಎಂಬ ದೊಡ್ಡ ಊರಿತ್ತು. ಅಲ್ಲಿಯ ಬಾವಿಗಳೆಲ್ಲ ಬತ್ತಿದ್ದವು. ಹೆಂಗಸರು ಹಳ್ಳದ ಮರಳಿನಲ್ಲಿ ಗುಳಿ ತೋಡಿ, ಗಂಟೆಗಟ್ಟಲೆ ಕೂತು, ಬಟ್ಟಲಿನಿಂದ ಕೆಸರು ನೀರು ಮೊಗೆಯುತ್ತಿದ್ದರು. ಊರಿನವರು ಬುಡದಲ್ಲಿ ಹೊಸ ಬಾವಿಗೆ ಅರ್ಧ ತೋಡಿದ್ದರು. ಮುಂದಕ್ಕೆ ಮದ್ದು ತುಂಬಿ ಸುರಂಗ ಹಾರಿಸಿ ಬಂಡೆ ಒಡೆಯುವ ಮೊದಲು, ಮೇಲಿನ ವಾಡಿಯ ಬಾವಿಗೆ ಪೆಟ್ಟು ಬೀಳುವುದೋ ಇಲ್ಲವೋ ಎಂದು ಹೇಳಬೇಕಿತ್ತು. ಸಾಹೇಬರು ಬಸವಣ್ಣೆಪ್ಪನಿಗೆ, "ಎರಡೂ ಕಡೀ ಕಲ್ಲು ತಗೊಂಡಿಡು. ನಡುವಿನ ಹಳ್ಳದ ದಂಡಿ ಹಿಡಿದು ನಡದು ಕೆಂಪು ಗೆರಿ ಎಲ್ಲಿ ಹೋಗ್ತದ ನೋಡು. ನಾ ನಿಲಂಗಾಕ್ಕ ಹೋಗಿ ಬರ್ತೀನಿ," ಎಂದು ಹೇಳಿ ಹೋದರು.

ಅವರು ಹೇಳಿದ ದಿನಕ್ಕೆ ಬರಲಿಲ್ಲ. ಜೀಪು ಕೆಟ್ಟು ನಿಲಂಗಾದಲ್ಲೇ ನಿಂತಿದೆ ಎಂದು ಸುದ್ದಿ ಬಂತು. ಆದರೆ ಸುರಂಗ ಹಾರಿಸುವವರು ಮದ್ದು ಕಟ್ಟಿಕೊಂಡು ಬಂದುಬಿಟ್ಟಿದ್ದರು. ಇವತ್ತು ಆಗದಿದ್ದರೆ ಉಮರ್ಗಾ ಕಡೆ ಹೋಗುತ್ತೇವೆ, ತಿರುಗಿ ಬರುವುದು ಯಾವಾಗಲೋ ಎಂದರು. ಖುರ್ದಳ್ಳಿಯ ಹಿರಿಯ ಜಗದೇವಪ್ಪ ಬಸವಣ್ಣೆಪ್ಪನ ಹತ್ತಿರ ಬಂದ. ಅವನ ಹಿಂದೆ ಊರಿಗೆ ಊರೇ ನಿಂತಿತ್ತು.

"ನಮೂನಿ ಬಸವಣ್ಣೆಪ್ಪಾ, ಹೇಳಪಾ. ಮ್ಯಾಲಿನ ಕಲ್ಲು, ನಮ್ಮ ಕಲ್ಲು, ಎರಡೂ ಒಂದೇನು?"

"ಸಾಹೇಬ್ರು ಬರ್ಲಿ ತಡೀರೀ ಅಣ್ಣಾ."

"ಸಾಹೇಬ ಬರೂ ತನಾ ಈ ಹೆಣ್ಣಮಕ್ಕಳು ಉಗುಳು ನುಂಗಬೇಕೇನು? ಮೂವತ್ತು ವರ್ಷ ಆತು, ಉದಗೀರದಾಗ ನೀ ಮುಷ್ಟಿ ಹಿಡಿದು ಹೇಳಿದ ಮಾಲು ಹೈದರಾಬಾದ ತನಾ ಹೋಗ್ತದ, ಯಾರೂ ಚೀಲ ಬಿಚ್ಚಂಗಿಲ್ಲ. ಎರಡು ಕಲ್ಲು ಹೇಳ್ಲಾಕ ಬರಂಗಿಲ್ಲೇನು ನಿನಗ?"

ಗುಂಪಿನಲ್ಲಿ ಯಾರೋ, "ತಂಗಿ ಮನಿ ಮ್ಯಾಲ ಅದಲ್ಲ, ಅದಕ್ಕ ಬಾಯಿ ಬರವಲ್ದು," ಎಂದರು.

ಆ ಮಾತು ಅವನಿಗೆ ನಾಟಿತು. ಒಂದು ತೊಗರಿ ಕಾಳನ್ನೂ ಅವನು ಮುಖ ನೋಡಿ ಹೇಳಿದವನಲ್ಲ. ಚೀಲದಿಂದ ಎರಡೂ ಕಲ್ಲು ತೆಗೆದ. ಮೇಲಿನ ಬಾವಿಯದು ಬೂದು ಬಣ್ಣ, ತೂತು ತೂತು, ತೂತಿನೊಳಗೆ ಅಕ್ಕಿಯಂಥ ಬಿಳಿ ಕಾಳು. ಕೆಳಗಿನದು ಕರ್ರಗೆ, ಗಟ್ಟಿ, ಮುರಿದ ಕಡೆ ಮಿರಿಮಿರಿ ಎನ್ನುತ್ತಿತ್ತು. ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ತಿಕ್ಕಿದ. ಅಭ್ಯಾಸದಂತೆ ನಾಲಿಗೆಯ ತುದಿ ತಾಗಿಸಿದ. ಜೋಳ ಮತ್ತು ಕಡಲೆ ಕೂಡ ಇಷ್ಟು ಬೇರೆ ಇರಲಾರವು ಅನ್ನಿಸಿತು. ಹಳ್ಳ ಕಣ್ಣೆದುರಿಗೇ ಇತ್ತು. ಅಷ್ಟು ದೂರ ಬಿಸಿಲಲ್ಲಿ ನಡೆದು ಬರುವಷ್ಟು ಸಂಶಯ ಅವನಿಗೆ ಇರಲೇ ಇಲ್ಲ.

"ಬ್ಯಾರೆ," ಎಂದ. "ಎರಡೂ ಬ್ಯಾರೆ ಬ್ಯಾರೆ."

ಸಂಜೆಗೆ ಸುರಂಗ ಹಾರಿತು. ಮರುದಿನ ಇನ್ನೊಂದು. ಬಂಡೆಯ ಸೀಳಿನಿಂದ ನೀರು ಚಿಮ್ಮಿ ಬಂದಾಗ ಖುರ್ದಳ್ಳಿಯ ಮುದುಕರು ಬಾವಿಯ ದಂಡೆಯಲ್ಲಿ ಕೂತು ಅತ್ತರು. ಜಗದೇವಪ್ಪ ಬಸವಣ್ಣೆಪ್ಪನ ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟ. ಆ ಕಾಯಿಯನ್ನು ಅವನು ತಂಗಿಗೆಂದು ಎತ್ತಿಟ್ಟ.

ಹಿಂಗಣವಾಡಿಯಲ್ಲಿ ಮೊದಲು ಹಗ್ಗ ಸಾಲದೆ ಬಂತು. ಇನ್ನೊಂದು ತುಂಡು ಕಟ್ಟಿದರು. ಆಮೇಲೆ ಕೊಡದಲ್ಲಿ ರಾಡಿ ಬಂತು. ಆಮೇಲೆ ಕೊಡ ಕಲ್ಲಿಗೆ ಬಡಿಯುವ ಸದ್ದು ಬಂತು.

ಸಾಹೇಬರು ಬಂದವರೇ ಬಸವಣ್ಣೆಪ್ಪನನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ದಂಡೆಯ ಬುಡದಲ್ಲಿ, ಮೊಳಕಾಲಿನ ಎತ್ತರದಲ್ಲಿ, ಇಟ್ಟಿಗೆ ಪುಡಿಯಂಥ ಕೆಂಪು ಗೆರೆ ಓಡುತ್ತಿತ್ತು. ಖುರ್ದಳ್ಳಿಯ ಹೊಸ ಬಾವಿ ಅದರ ಮೇಲೇ ನಿಂತಿತ್ತು. ಅಲ್ಲಿಂದ ಹಿಂಗಣವಾಡಿಯವರೆಗೆ ಏರಿ ಹೋದರೂ ನಡುವೆ ಇನ್ನೊಂದು ಕೆಂಪು ಗೆರೆ ಸಿಗಲಿಲ್ಲ. ಕರಿಯ ಕಲ್ಲು ಮೇಲೇರುತ್ತ ಬೂದಾಯಿತು. ಬೂದು ಕಲ್ಲಿನಲ್ಲಿ ಮೆಲ್ಲಗೆ ತೂತು ಕಾಣಿಸಿದವು, ತೂತಿನಲ್ಲಿ ಬಿಳಿ ಕಾಳು. ಬೆಂಕಿಯ ಕೆಸರು ಆರುವಾಗ ಗಾಳಿ ಮೇಲಕ್ಕೆ ಬಂದು ಗುಳ್ಳೆಯಾಗುತ್ತದೆ, ತಳ ಗಟ್ಟಿಯಾಗುತ್ತದೆ ಎಂದು ಸಾಹೇಬರು ಹೇಳಿದರು. ಬೈಯಲಿಲ್ಲ. "ನಾನೂ ಆವತ್ತ ನಡಕೋತಾದ್ರೂ ಬರಬೇಕಿತ್ತು," ಎಂದಷ್ಟೇ ಅಂದರು.

ಖುರ್ದಳ್ಳಿಯವರು ನೀರು ಕೊಡುವುದಿಲ್ಲ ಎನ್ನಲಿಲ್ಲ. ಮೊದಲು ಊರಿನವರು, ಆಮೇಲೆ ಊರಿನ ದನ, ಆಮೇಲೆ ವಾಡಿಯವರು ಎಂದರು. ಪ್ರಯಾಗಬಾಯಿ ಮುಂಜಾನೆ ಇಳಿದು ಹೋದರೆ ಬಿಸಿಲು ಇಳಿಯುವ ಹೊತ್ತಿಗೆ ಒಂದು ಕೊಡ ಹೊತ್ತು ಏರುತ್ತಿದ್ದಳು. ಚೈತ್ರದ ಬಿಸಿಲಿನಲ್ಲಿ ಗುಂಡಮ್ಮ ತೀರಿಕೊಂಡಳು. ತನ್ನ ಪಾಲಿನ ನೀರನ್ನು ಕರುವಿಗೆ ಹಾಕುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಹೆಣಕ್ಕೆ ಸ್ನಾನ ಮಾಡಿಸಲು ನೀರು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ವಿಭೂತಿ ಹಚ್ಚಿ, ಕುಳ್ಳಿರಿಸಿ ಮಣ್ಣು ಮಾಡಿದರು.

ಬಸವಣ್ಣೆಪ್ಪ ಮೂರು ದಿನಗಳ ಮೇಲೆ ಬಂದ. ಖುರ್ದಳ್ಳಿಯ ಬಾವಿ ತೋಡಿದ ಮೇಲೆ ಅವನು ಆ ಮನೆಗೆ ಬರುತ್ತಿದ್ದದ್ದು ಅದೇ ಮೊದಲು. ಬಗಲಲ್ಲಿ ಆ ತೆಂಗಿನಕಾಯಿ ಇತ್ತು. ವಾಡಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಮನ್ಮಥಪ್ಪ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದ. ನಿಲಂಗಾದ ಆಚೆ ಕೆರೆ ಕಟ್ಟುವ ಕೆಲಸ ಹತ್ತಿತ್ತು. ಅಲ್ಲಿ ಕೆಲಸಗಾರರಿಗೆ ಟ್ಯಾಂಕರಿನ ನೀರು ಬರುತ್ತಿತ್ತು, ಅಲ್ಲಿಗೆ ಹೊರಟಿದ್ದರು.

ಬಾಗಿಲಲ್ಲಿ ಬಸವಣ್ಣೆಪ್ಪ ಅಭ್ಯಾಸದಿಂದ ಒಂದು ಕ್ಷಣ ನಿಂತ. ಆಮೇಲೆ ಧೂಳಿನ ಕಾಲಲ್ಲೇ ಒಳಗೆ ಬಂದು ಕೂತ. ಪ್ರಯಾಗಬಾಯಿ ಒಳಗಿನಿಂದ ತಾಟು ತಂದು ಅವನ ಮುಂದೆ ಇಟ್ಟಳು. ತಾಟಿನಲ್ಲಿ ಬೆಲ್ಲದ ಚೂರು ಒಂದೇ ಇತ್ತು.

"ತಿನ್ನು ಅಣ್ಣಾ," ಎಂದಳು.

ಅವನು ಬಾಯಿಗೆ ಹಾಕಿಕೊಂಡ. ಕರಗಲಿಲ್ಲ.

"ಒಂದ ಮಾತು ಕೇಳ್ತೀನಿ. ಎರಡೂ ಒಂದೇ ಕಲ್ಲು ಅಂತಾರಲ್ಲ, ಖರೇನಾ?"

"ಖರೇ."

"ಆವತ್ತ ಗೊತ್ತಿತ್ತಾ ನಿನಗ?"

"ಇಲ್ಲವಾ. ಅಪ್ಪನಾಣಿ ಗೊತ್ತಿರಲಿಲ್ಲ. ಬ್ಯಾರೆ ಕಂಡವು."

"ಕಾಣ್ತಾವ. ತ್ಯಾಪಿ ಬ್ಯಾರೆ ಬ್ಯಾರೆನೇ ಕಾಣ್ತಾವ." ಅವಳ ದನಿ ಏರಲಿಲ್ಲ. "ಇದೇ ಮನ್ಯಾಗ, ನಿನ್ನ ಮುಂದ, ನಮ್ಮ ಅತ್ತಿ ಕೌದಿ ಹಾಸಿ ತೋರಿಸಿದ್ರಲ್ಲೋ ಸಾಹೇಬ್ರು. ಆ ಮುದಕಿಗಿ ತಿಳೀತು, ನನಗ ತಿಳೀತು. ಗೊತ್ತಿರಲಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತು. ಅಷ್ಟ ಅಂದಿದ್ರ ಸಾಕಿತ್ತು."

ಬಸವಣ್ಣೆಪ್ಪ ಬಾಯಲ್ಲಿದ್ದುದನ್ನು ನುಂಗಲು ಹೋದ. ಬೆಲ್ಲ ಗಂಟಲಲ್ಲಿ ಕೂತಿತ್ತು. ಕೆಮ್ಮಿದ. ಪ್ರಯಾಗಬಾಯಿ ಥಟ್ಟನೆ ಚರಿಗೆಯ ಕಡೆಗೆ ಕೈ ಚಾಚಿದಳು. ಅದು ಗಂಟಿನೊಳಗೆ ಸೇರಿ ಆಗಿತ್ತು, ಇದ್ದರೂ ಬರಿದೇ. ಚಾಚಿದ ಕೈಯಿಂದ ಸೆರಗು ಸರಿಮಾಡಿಕೊಂಡಳು.

ಅವನು ತೆಂಗಿನಕಾಯಿಯನ್ನು ತಾಟಿನ ಪಕ್ಕ ಇಟ್ಟ. ಅವಳು ಅದು ಎಲ್ಲಿಯದೆಂದು ಕೇಳಲಿಲ್ಲ. ಹೊಸ್ತಿಲ ಕಲ್ಲಿಗೆ ಒಡೆದು, ಒಳಗಿನ ನೀರನ್ನು ಹೊರಗೆ ಕಟ್ಟಿದ್ದ ಕರುವಿನ ಬಾಯಿಗೆ ಹಿಡಿದಳು.

ಆಮೇಲೆ ಮೂರೂ ಕೌದಿ ಮಡಚಿ ತಲೆಯ ಮೇಲಿಟ್ಟುಕೊಂಡಳು. ಮನ್ಮಥಪ್ಪ ಕೀಲಿ ಹಾಕಿ, ಕರುವಿನ ಹಗ್ಗ ಬಿಚ್ಚಿ ಹಿಡಿದ. ಬಸವಣ್ಣೆಪ್ಪ ಗಂಟಿಗೆ ಕೈ ಹಾಕಲು ಹೋದಾಗ ಬೇಡವೆಂದು ಯಾರೂ ಹೇಳಲಿಲ್ಲ, ಹೊರು ಎಂದೂ ಹೇಳಲಿಲ್ಲ. ಅವನು ಹೊತ್ತುಕೊಂಡು ಹಿಂದೆ ನಡೆದ. ದಾರಿ ಹಳ್ಳದಲ್ಲಿ ಇಳಿಯುತ್ತಿತ್ತು. ಎಡಕ್ಕೆ, ಮೊಳಕಾಲಿನ ಎತ್ತರದಲ್ಲಿ, ಕೆಂಪು ಗೆರೆ ಖುರ್ದಳ್ಳಿಯ ಬಾವಿಯವರೆಗೆ ಅವರ ಜೊತೆಗೇ ಬಂತು.