ಹೆಣ್ಣು ನೋಡುವ ದಿನ ಆಳಾದ ಅಣ್ಣ

ಪಕ್ಕದ ಮನೆಯವರು ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹರಡಿದ್ದಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಗು ತಡೆಯಲಾಗಲಿಲ್ಲ. ಸೊಸೆ ಒಳಗಿನಿಂದ ಇಣುಕಿದಳು. ಒಬ್ಬಳೇ ಕೂತು ನಗುವ ಮುದುಕಿಯನ್ನು ಯಾರು ನಂಬುತ್ತಾರೆ? ಅದರಲ್ಲೂ ನಮ್ಮ ವಂಶದವಳನ್ನು! ನೀವಾದರೂ ಕೇಳಿ.

ನಮ್ಮದು ಆದಿವಾಲದ ಕುರಿ ಸಾಕುವ ಮನೆ. ಎಪ್ಪತ್ತರ ದಶಕ. ಇಪ್ಪತ್ತು ತುಂಬುವ ಹೊತ್ತಿಗೆ ನನ್ನ ಅಣ್ಣನಿಗೆ ಯಾರಿಗೂ ಕೇಳದ ದನಿಗಳು ಕೇಳತೊಡಗಿದವು. ಅವುಗಳಿಗೆ ಉತ್ತರ ಕೊಡುತ್ತಾ, ಜಗಳವಾಡುತ್ತಾ ಕುರಿ ಮೇಯಿಸುತ್ತಿದ್ದ. ಅಪ್ಪನ ತಮ್ಮನಿಗೂ ಹಾಗೇ ಇತ್ತು. "ಆ ಮನೆ ರಕ್ತದಾಗೇ ಐತೆ" ಎಂದು ಊರು ಮಾತಾಡುತ್ತಿತ್ತು. ಅದೇ ಮಾತಿಗೆ ನನ್ನ ಎರಡು ಸಂಬಂಧ ತಪ್ಪಿದ್ದವು.

ಮೂರನೆಯದು ಮತ್ತೋಡು ಎಂಬ ಊರಿನದು. ಅವರು ಬರುವ ದಿನ ಅಪ್ಪ ಅಣ್ಣನನ್ನು ಬೆಳಗ್ಗೆಯೇ ಕುರಿಗಳ ಜೊತೆ ಅಟ್ಟಿದ್ದ. ಆದರೆ ತಂಗಿಯನ್ನು ನೋಡಲು ಬಂದಾಗ ಅಣ್ಣ ಇರಬೇಡವೇ? ಗಂಜಿ ಹಾಕಿ ಒಣಗಿಸಿದ್ದ ಹೊಸ ಕಂಬಳಿ ಹೊದ್ದು ಬಂದೇಬಿಟ್ಟ. ಅದು ಹಲಗೆಯಂತೆ ಸೆಟೆದಿತ್ತು. ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡ.

"ಯಾರವ್ವ ಇವ್ನು?" ಎಂದರು ಗಂಡಿನ ತಾಯಿ.

ತಲೆ ತಗ್ಗಿಸಿ ಕೂತಿರಬೇಕಾದ ನಾನೇ ಬಾಯಿಬಿಟ್ಟೆ. "ನಮ್ಮೋನಲ್ಲ ಕಣಮ್ಮ. ಕುರಿ ಕಾಯೋ ಆಳು."

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಕೈ ಮುಗಿದ. "ಹೌದವ್ವ, ಆಳೇ. ಇವ್ರು ಹೊಟ್ಟೆಗೆ ಸರ್ಯಾಗಿ ಇಕ್ಕಲ್ಲ, ನೀವಾದ್ರೂ ಹೇಳ್ರಿ!"

ಮನೆಯೆಲ್ಲ ನಗು. ಅವನು ನೀರು ತಂದ, ಚಾಪೆ ಹಾಸಿದ, ಗಂಡಿನ ಚಪ್ಪಲಿ ಒರೆಸಿ ಜೋಡಿಸಿಟ್ಟ. ಹೊರಡುವಾಗ ಆ ತಾಯಿ, "ಹುಡ್ಗಿ ಪರವಾಗಿಲ್ಲ, ಆಳು ಭಾಳ ಚೆನ್ನಾಗವ್ನೆ. ಇವನ್ನೂ ಜತೆಗೆ ಕಳ್ಸಿಕೊಡ್ರಿ" ಎಂದರು. ಅಪ್ಪನ ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗಿಳಿಯಿತು. ನಾನೂ ನಕ್ಕೆ. ಮದುವೆಯಾಯಿತು. ಅಣ್ಣ ಮಾತ್ರ ಆವತ್ತೂ ಕುರಿಗಳ ಜೊತೆ ಉಳಿದ. ಕೆಲವು ವರ್ಷಕ್ಕೆ ತೀರಿಕೊಂಡ.

ಆಮೇಲೆ ಶುರುವಾಯಿತು ನನ್ನ ಕಾವಲು. ಮಕ್ಕಳು ತಮ್ಮಷ್ಟಕ್ಕೆ ತಾವೇ ಮಾತಾಡಿದರೆ ಬಾಗಿಲ ಸಂದಿಯಲ್ಲಿ ನಿಂತು ಕೇಳುವುದು. ಮಗ ಬುಗುರಿಗೆ ಬೈಯುತ್ತಿದ್ದ. ಮಗಳು ಕರುವಿಗೆ ಮಗ್ಗಿ ಕಲಿಸುತ್ತಿದ್ದಳು. ನಾನೋ, ಹಸಿ ಸೌದೆಯ ಜೊತೆ ದಿನವಿಡೀ ಜಗಳ!

ಈಚೆಗೆ ಅಣ್ಣನಿಗಿದ್ದದ್ದು ಏನು ಕಾಯಿಲೆ ಎಂದು ಚಿತ್ರದುರ್ಗದ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಸ್ಕಿಜೋಫ್ರೀನಿಯಾ ಅಂದರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ನಾಲಿಗೆ ಮೂರು ಸಲ ಮುಗ್ಗರಿಸಿತು. "ಮನೆತನದಲ್ಲಿ ಇದ್ರೆ ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ನಿಜ. ಆದ್ರೆ ಬಹಳ ಜನಕ್ಕೆ ಬರಲ್ಲ ಅಜ್ಜಿ. ಬಂದ್ರೂ ಯಾರ ತಪ್ಪೂ ಅಲ್ಲ." ಯಾರ ತಪ್ಪೂ ಅಲ್ಲದ್ದನ್ನು ಮುಚ್ಚಲು ಹೋಗಿ ನಾನು ತಪ್ಪು ಮಾಡಿದ್ದೆ.

ಇವತ್ತು ನಗು ನಿಂತ ಮೇಲೆ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಗಂಡನಿಗೆ ಹೇಳಿದೆ.

"ಲೇ, ಮದ್ವೆ ಊಟದಾಗೇ ನಿಮ್ಮೂರೋರು ಹೇಳಿದ್ರು" ಎಂದರು. "ಕುರಿ ರೊಪ್ಪಕ್ಕೇ ಹೋಗಿ 'ಭಾವ' ಅಂತ ಕರೆದೆ. 'ನಾನು ಆಳು ಸ್ವಾಮಿ' ಅಂದ. ತಂಗಿ ಮಾತು ಸುಳ್ಳಾಗಬಾರ್ದಂತೆ. ಎಷ್ಟು ಕರೆದ್ರೂ ಒಪ್ಲಿಲ್ಲ."

ಎದ್ದು ಮೊಮ್ಮಕ್ಕಳನ್ನು ಕೂಗಿ, "ನನಗೊಬ್ಬ ಅಣ್ಣ ಇದ್ದ ಕಣ್ರೋ" ಎಂದೆ.

"ಹೆಸ್ರೇನಜ್ಜಿ?"

"ಸಿದ್ದಣ್ಣ" ಎಂದೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.