ಗೋಡೆಯೊಳಗಿನ ನೀರು

ಫೋನ್ ಬಂದಾಗ ನೆವಿಲ್ ನೈರೋಬಿಯ ಕಿಲಿಮಾನಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ, ಬಗ್ಗಿದ ಬೆನ್ನು ನೆಟ್ಟಗಾಗದೆ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ. ಆಶಿಷನ ಹೆಸರು ಕಂಡ ಕೂಡಲೇ ವಿಷಯ ಗೊತ್ತಾಯಿತು. ಸ್ಪ್ರಿಂಗ್ ವ್ಯಾಲಿಯ ಅವನ ಮನೆಯ ಪಂಪು ಮತ್ತೆ ಸುಟ್ಟಿದೆ.

"ನೆವಿಲ್ ಅಂಕಲ್, ಇದು ಥರ್ಡ್ ಟೈಮ್," ಎಂದ ಆಶಿಷ್. "ನೀವು ಹಾಕ್ತಿರೋದು ಒರಿಜಿನಲ್ ಪಂಪೇ ತಾನೆ? ಡುಪ್ಲಿಕೇಟ್ ಅಲ್ವಲ್ಲ?"

"ಬರ್ತೇನೆ," ಎಂದಷ್ಟೇ ಹೇಳಿ ನೆವಿಲ್ ಫೋನ್ ಇಟ್ಟ. ವಾದ ಮಾಡುವುದಕ್ಕೂ ಶಕ್ತಿ ಬೇಕಲ್ಲ.

ಕಿನ್ನಿಗೋಳಿಯಿಂದ ನೈರೋಬಿಗೆ ಬಂದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಅಂಗಡಿ ಮುಚ್ಚಿದ ಮೇಲೆ, ಅಲ್ಲಿ ಮಾರುತ್ತಿದ್ದ ಪಂಪು, ಬಾಯ್ಲರುಗಳನ್ನೇ ರಿಪೇರಿ ಮಾಡುವ ಫುಂಡಿಯಾದ. ಸ್ವಾಹಿಲಿಯ ಫುಂಡಿ ಅಂದರೆ ನಮ್ಮೂರಿನ ಮೆಕ್ಯಾನಿಕ್ಕು. ಈಗ ಅರವತ್ತರ ಹತ್ತಿರ ಬಂದಿದ್ದಾನೆ. ಮಂಡಿ ಮಡಚಿದರೆ ಬಿಡಿಸಲಾಗುವುದಿಲ್ಲ, ಬಿಡಿಸಿದರೆ ಮಡಚಲಾಗುವುದಿಲ್ಲ. ಭಾನುವಾರ ಇಗರ್ಜಿಯಲ್ಲಿ ಪೂಜೆ ನಡೆಯುವಾಗಲೂ ಹೊರಗಿನ ಜನರೇಟರಿನ ಸದ್ದಿಗೆ ಕಿವಿ ಕೊಟ್ಟು, ಅದರ ಬೇರಿಂಗು ಹೋಗುತ್ತಾ ಬಂದಿದೆ ಎಂದುಕೊಳ್ಳುತ್ತಾನೆ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ಸ್ಪ್ರಿಂಗ್ ವ್ಯಾಲಿಯದು ಹಳೇ ಕಾಲದ ಉದ್ದ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಬಾಯ್ಲರ್, ಬಚ್ಚಲುಮನೆಗಳು ಇನ್ನೊಂದು ತುದಿಯಲ್ಲಿ. ತೆಂಗಿನಕಾಯಿ ಗಾತ್ರದ ಒಂದು ಪಂಪು ಬಿಸಿನೀರನ್ನು ಮನೆಯಿಡೀ ಸುತ್ತಿಸಿ ಮತ್ತೆ ಬಾಯ್ಲರಿಗೆ ತರುತ್ತದೆ. ಅದು ನಿಂತರೆ, ಬಿಸಿನೀರು ಬರುವ ಮೊದಲು ಬಕೆಟ್ಟುಗಟ್ಟಲೆ ತಣ್ಣೀರು ಚೆಲ್ಲಬೇಕು. ನೈರೋಬಿಯ ಜುಲೈ ತಿಂಗಳ ಚಳಿಯಲ್ಲಿ ಅದು ಸಣ್ಣ ವಿಷಯವಲ್ಲ. ಮೊದಲ ಸಲ ಸುಟ್ಟಾಗ ನೆವಿಲ್ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದೇ ಕಾರಣವೆಂದು ಪೈಪುಗಳನ್ನೆಲ್ಲ ತೊಳೆದಿದ್ದ. ಎರಡನೇ ಸಲ ಕರೆಂಟಿನ ಏರಿಳಿತವೆಂದು ಸ್ಟೆಬಿಲೈಸರ್ ಹಾಕಿದ್ದ. ಎರಡೂ ಸಲ ತಪ್ಪಿದ್ದ.

ಮಧ್ಯಾಹ್ನ ಹೋಗಿ ಹೊಸ ಪಂಪು ಕೂರಿಸಿದ. ಪೈಪಿನಲ್ಲಿ ಸೇರಿದ ಗಾಳಿ ಬಿಟ್ಟು ಸ್ವಿಚ್ ಹಾಕಿದ. ವಾಪಸು ಬರುವ ಪೈಪು ನಿಧಾನಕ್ಕೆ ಬೆಚ್ಚಗಾಯಿತು. ಎಲ್ಲ ಸರಿಯಿತ್ತು. ಸರಿಯಿದ್ದದ್ದು ಯಾಕೆ ಸುಡುತ್ತದೆ ಎಂದು ಮಾತ್ರ ತಿಳಿಯಲಿಲ್ಲ. ಸಾಮಾನು ಚೀಲಕ್ಕೆ ತುಂಬಿ ಹೊರಡಬೇಕೆಂದರೆ ಮಂಡಿ ಒಪ್ಪಲಿಲ್ಲ. ಶೆಡ್ಡಿನ ಹಿಂದೆ ಅವಕಾಡೊ ಮರದ ನೆರಳಿನಲ್ಲಿ ಒಂದು ಕ್ರೇಟು ಕವುಚಿ ಬಿದ್ದಿತ್ತು. ಅದರ ಮೇಲೆ ಕೂತು ಕಣ್ಣು ಮುಚ್ಚಿದ.

ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದಿಗೆ ಎಚ್ಚರವಾಯಿತು. ಆಶಿಷನ ತಂದೆ ಡಾಕ್ಟರ್ ನರಸಿಂಹ ಸ್ವೆಟರ್ ಹಾಕಿಕೊಂಡು ಬರುತ್ತಿದ್ದರು. ಮೈಸೂರಿನವರು, ಈ ಊರಲ್ಲಿ ಕಣ್ಣಿನ ಡಾಕ್ಟರಾಗಿದ್ದು ನಿವೃತ್ತರಾದವರು. ನೆವಿಲ್ ಹಲಗೆಯ ಸಂದಿಯಿಂದ ನೋಡುತ್ತಿದ್ದಂತೆ ಅವರು ಶೆಡ್ಡಿನೊಳಗೆ ಹೋಗಿ, ಪಂಪಿನ ಮುಂದಿನ ವಾಲ್ವನ್ನು ಎರಡೂ ಕೈಯಿಂದ ಬಿಗಿಯಾಗಿ ತಿರುಗಿಸಿ, ಬಂದಂತೆಯೇ ಹೊರಟುಹೋದರು.

ನೆವಿಲ್ ಎದ್ದು ಹೋಗಿ ನೋಡಿದ. ವಾಲ್ವು ಪೂರಾ ಬಂದ್. ಪಂಪು ತಿರುಗುತ್ತಲೇ ಇದೆ, ನೀರಿಗೆ ಹೋಗಲು ದಾರಿಯಿಲ್ಲ. ಹೊಟ್ಟೆಯೊಳಗಿನ ಅದೇ ನೀರನ್ನು ಕಡೆದು ಕಡೆದು ಬಿಸಿಯೇರುತ್ತಿದೆ. ಗಂಟೆಗಟ್ಟಲೆ ಹೀಗಾದರೆ ಯಾವ ಒರಿಜಿನಲ್ ಪಂಪು ತಾನೇ ಉಳಿದೀತು? ಅವನಿಗೆ ಸಿಟ್ಟು ಬಂತು. ಬಂದ ಸಿಟ್ಟು ಅಡುಗೆಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಸುಸ್ತಾಯಿತು.

"ಡಾಕ್ಟ್ರೇ, ಆ ವಾಲ್ವು ಯಾಕೆ ಬಂದ್ ಮಾಡಿದ್ರಿ?"

ಮುದುಕರು ಬೆಚ್ಚಿದರು. "ನೀನಿನ್ನೂ ಹೋಗಿಲ್ವೇನಪ್ಪ?"

"ಕಾಲು ಬರ್ಲಿಲ್ಲ. ಸ್ವಲ್ಪ ಕೂತಿದ್ದೆ."

ಡಾಕ್ಟರು ಅವನನ್ನು ಕರೆದುಕೊಂಡು ಶೆಡ್ಡಿಗೆ ಹೋಗಿ ವಾಲ್ವು ತೆರೆದರು. ಆಮೇಲೆ ತಮ್ಮ ಮಲಗುವ ಕೋಣೆಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿದರು. "ಗೋಡೆಗೆ ಕಿವಿ ಇಡು."

ನೆವಿಲ್ ಕಿವಿ ಇಟ್ಟ. ಗಿಲಾವಿನ ಹಿಂದೆ ಪೈಪಿನಲ್ಲಿ ನೀರು ಒಂದೇ ಸಮನೆ ಸುಂಯ್ ಎಂದು ಹರಿಯುತ್ತಿತ್ತು. ನಡುನಡುವೆ ಯಾರೋ ಉಸಿರು ನುಂಗಿದ ಹಾಗೆ.

"ಆಶಿಷನ ಅಮ್ಮನಿಗೆ ಆಕ್ಸಿಜನ್ ಮೆಷಿನ್ ಇಟ್ಟಿದ್ವಿ, ಇದೇ ಗೋಡೆ ಪಕ್ಕ," ಎಂದರು ಡಾಕ್ಟರು. "ಹೀಗೇ ಸದ್ದು. ವರ್ಷದ ಹತ್ತಿರ ಹತ್ತಿರ ಅದನ್ನೇ ಕೇಳ್ತಾ ಮಲಗ್ತಿದ್ದೆ. ಈಗ ಅವಳಿಲ್ಲ, ಇದು ಮಾತ್ರ ನಿಲ್ಲಲ್ಲ. ಕಣ್ಣು ಹತ್ತಿದ್ರೆ ಸಾಕು, ಎದ್ದು ಅವಳ ಮೂಗಿನ ಟ್ಯೂಬ್ ಸರಿ ಮಾಡೋಕೆ ಹೋಗ್ತೀನಿ."

"ಸ್ವಿಚ್ ಆಫ್ ಮಾಡ್ಬಹುದಿತ್ತಲ್ಲ?"

"ಬಾಯ್ಲರಿಗೂ ಅದೇ ಸ್ವಿಚ್ಚಲ್ವಾ? ಬೆಳಿಗ್ಗೆ ಮಗ ಸೊಸೆಗೆ ನೀರು ತಣ್ಣಗಿರುತ್ತೆ. ನೀರು ಹರಿಯೋದು ನಿಂತ್ರೆ ಸಾಕು ಅಂತ ಮಧ್ಯಾಹ್ನ, ರಾತ್ರಿ ಮಲಗೋವಾಗ ವಾಲ್ವು ಮುಚ್ತಿದ್ದೆ. ಅವರು ಸಂಜೆ ಬರೋ ಮುಂಚೆ, ಬೆಳಿಗ್ಗೆ ಏಳೋ ಮುಂಚೆ ತೆಗೆದುಬಿಡ್ತಿದ್ದೆ."

ಪಂಪು ಯಾಕೆ ಸುಡುತ್ತಿತ್ತೆಂದು ನೆವಿಲ್ ಹೇಳಿದ. ಡಾಕ್ಟರು ವಾಲ್ವು ತಿರುಗಿಸಿದ ತಮ್ಮ ಅಂಗೈ ನೋಡಿಕೊಂಡರು.

"ಹಾಗಾದ್ರೆ ಮೂರೂ ನಾನೇ ಸುಟ್ಟಿದ್ದು."

"ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬೇರೆ ಕೋಣೆಯಲ್ಲಿ ಮಲಗಿದ್ರೆ ಆಗ್ತದಲ್ಲ?"

ಕಿಟಕಿಯ ಹತ್ತಿರ ಇನ್ನೊಂದು ಮಂಚವಿತ್ತು, ಹಾಸಿಗೆ ಹಾಸಿಯೇ ಇತ್ತು. ಡಾಕ್ಟರು ಅದರ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದರು. ನೆವಿಲ್ ಎದ್ದು ಗೋಡೆ, ಕಾರಿಡಾರು ನೋಡಿಕೊಂಡು ಲೆಕ್ಕ ಹಾಕಿದ.

ಪಂಪಿಗೆ ಮಾತ್ರ ಬೇರೆ ಸ್ವಿಚ್ ಕೊಡಬೇಕು, ಅದು ಮಂಚದ ಪಕ್ಕದಲ್ಲೇ ಇರಬೇಕು. ಬಾಯ್ಲರ್ ತನ್ನ ಪಾಡಿಗೆ ನೀರು ಕಾಯಿಸಿಕೊಂಡಿರಲಿ. ನಾಳೆ ಬಂದು ಮಾಡುತ್ತೇನೆ ಎಂದು ಹೇಳಬಹುದಿತ್ತು. ಹೇಳದೆ ಚೀಲದಿಂದ ವೈರು ತೆಗೆದ. ಕಾರಿಡಾರಿನುದ್ದಕ್ಕೂ ಕೂತು, ಎದ್ದು, ಮತ್ತೆ ಕೂತು ಕ್ಲಿಪ್ಪು ಹೊಡೆದ. ಡಾಕ್ಟರು ಹಿಂದೆಯೇ ಬಂದು ವೈರಿನ ಸುರುಳಿ ಹಿಡಿದುಕೊಂಡರು.

ಸಂಜೆ ಆಶಿಷ್ ಬಂದಾಗ ನೆವಿಲ್ ನೆಲಕ್ಕೆ ಉದುರಿದ ಗಿಲಾವಿನ ಪುಡಿ ಗುಡಿಸುತ್ತಿದ್ದ. ಡಾಕ್ಟರೇ ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡದೆ. ಆಶಿಷ್ ಕಾರಿನ ಕೀ ಕೈಯಲ್ಲಿ ಹಿಡಿದೇ ಕೇಳಿದ.

"ಅಪ್ಪಾ, ಯು ನೆವರ್ ಟೋಲ್ಡ್ ಮಿ."

"ನೀನು ಮಲಗಿರ್ತಿದ್ದೆ."

ಆಶಿಷ್ ನೆವಿಲನ ಕಡೆ ತಿರುಗಿ, "ಸಾರಿ ಅಂಕಲ್. ಡುಪ್ಲಿಕೇಟ್ ಅಂದ್ಬಿಟ್ಟೆ," ಎಂದ.

"ಇರ್ಲಿ ಬಿಡಿ," ಎಂದು ನೆವಿಲ್ ಕಸದ ಮೊರ ಎತ್ತಿಕೊಂಡ.

ಎಂಬಕಸಿಯ ತನ್ನ ಮನೆ ಮುಟ್ಟುವವರೆಗೂ ದಾರಿಯೆಲ್ಲ ಟ್ರಾಫಿಕ್ಕು. ಹೆಂಡತಿ ಸಲೋಮಿ ಅವನ ಮಂಡಿಗೆ ಮುಲಾಮು ತಿಕ್ಕುತ್ತಾ ಕತೆಯೆಲ್ಲ ಕೇಳಿ, "ಇನ್ನು ಅವರಿಗೆ ನಿದ್ದೆ ಬರಬಹುದಾ?" ಎಂದು ಕೊಂಕಣಿಯಲ್ಲಿ ಕೇಳಿದಳು. ನೆವಿಲನಿಗೆ ಗೊತ್ತಿರಲಿಲ್ಲ. ಸದ್ದು ನಿಲ್ಲಿಸುವಷ್ಟು ಮಾತ್ರ ಅವನ ಕೆಲಸವಾಗಿತ್ತು.

ಆಗಸ್ಟ್ ಕಳೆಯುವ ಹೊತ್ತಿಗೆ ಡಾಕ್ಟರ ಮನೆಯ ರಸ್ತೆಯಲ್ಲೇ ಬೇರೊಂದು ಮನೆಗೆ ಕೆಲಸಕ್ಕೆ ಬಂದವನು ಅಲ್ಲಿಗೂ ಹೋದ. ಪಂಪು ಸರಿಯಾಗಿತ್ತು. ಡಾಕ್ಟರು ವರಾಂಡದಲ್ಲಿ ಕೂರಿಸಿ ಕಾಫಿ ತರಿಸಿದರು.

"ಕೆಲವು ರಾತ್ರಿ ಆಶಿಷ್ ಬಂದು ನಮ್ಮ ಕೋಣೆಯಲ್ಲೇ ಮಲಗ್ತಾನೆ, ಅವಳ ಮಂಚದಲ್ಲಿ," ಎಂದರು. "ಗೊರಕೆ ಹೊಡೀತಾನೆ ಕಣಪ್ಪ. ಚಿಕ್ಕವನಿದ್ದಾಗ ಹೀಗಿರ್ಲಿಲ್ಲ."

"ನಿದ್ದೆ ಬರ್ತದಾ ನಿಮಗೆ?"

"ಒಂದೊಂದು ದಿನ."

ಇನ್ನೇನೋ ಹೇಳಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ನೆವಿಲ್ ನೋಡಿದರೆ, ಬಿಸಿಲಿಗೆ ಕಾಲು ಚಾಚಿಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಅವನು ಕಾಫಿ ಮುಗಿಸಿ, ಎರಡೂ ಲೋಟಗಳನ್ನು ಅಡುಗೆಮನೆಗೆ ಕೊಟ್ಟು, ಗೇಟು ಸದ್ದಾಗದಂತೆ ಎಳೆದುಕೊಂಡು ಹೊರಟ.