ಗೈರುಹಾಜರಿಯ ಎಂಟು ದಿನ

ಸವಿತಾ, ನಿನ್ನ ಒಂದು ವರ್ಷವನ್ನು ಹಾಳು ಮಾಡಿದವನು ನಾನು. ನಿನ್ನ ಕೆಲಸಕ್ಕೆ ನನ್ನ ಹೆಸರು ಹಾಕಿಕೊಂಡವನೂ ನಾನೇ. ಇದನ್ನು ಮೊದಲು ಹೇಳಿಬಿಡಬೇಕು — ಉಳಿದದ್ದೆಲ್ಲ ಆಮೇಲೆ.

ಕಾನೂನು ಕಾಲೇಜಿನ ಕೊನೆಯ ವರ್ಷದಲ್ಲಿ, ವಕೀಲಿ ಕೆಲಸ ಕಲಿಯಲೆಂದು ನೀನು ಮುಂಡಗೋಡದಿಂದ ದಾಂಡೇಲಿಯ ನನ್ನ ಕಚೇರಿಗೆ ನಾಲ್ಕು ವಾರಕ್ಕೆ ಬಂದೆ. ಕೊನೆಗೆ ನಿನ್ನ ತರಬೇತಿ ಡೈರಿಗೆ ನಾನು ಸಹಿ ಮಾಡಬೇಕಿತ್ತು. ನನ್ನ ಪದ್ಧತಿ ನಿನಗೆ ಗೊತ್ತು. ಒಂಬತ್ತೂವರೆಗೆ ಹಾಜರಿ ಪುಸ್ತಕದಲ್ಲಿ ಸಹಿ, ಸಂಜೆಯವರೆಗೆ ಫೈಲುಗಳ ನಕಲು, ಕಕ್ಷಿದಾರರೊಡನೆ ಮಾತಿಲ್ಲ.

ಆಗ ಜೋಯಿಡಾ ಕಡೆಯ ಕುಣಬಿ ಜನರ ಒಂದು ಹಳ್ಳಿಯ ಅರಣ್ಯ ಹಕ್ಕಿನ ಅರ್ಜಿ ನನ್ನ ಬಳಿ ಇತ್ತು. ಮೂರು ತಲೆಮಾರಿನಿಂದ ಅಲ್ಲಿದ್ದೇವೆಂದು ತೋರಿಸದಿದ್ದರೆ ಹದಿನಾಲ್ಕು ಮನೆಗಳ ಜಮೀನು ಕೈತಪ್ಪುತ್ತಿತ್ತು. “ಕಾಗದ ಐತೇನು?” ಎಂದು ಹಳ್ಳಿಯವರನ್ನು ಕೇಳುತ್ತಿದ್ದೆ. ಇರಲಿಲ್ಲ. ಫೈಲು ಮುಚ್ಚುತ್ತಿದ್ದೆ.

ನೀನು ಎಂಟು ದಿನ ಕಚೇರಿಗೆ ಬರಲಿಲ್ಲ. ಬಂದಾಗ ಕೈಯಲ್ಲೊಂದು ನಕಾಶೆ. ಆ ಹಳ್ಳಿಯಲ್ಲಿ ಅತ್ತೆ ಗೆಡ್ಡೆ ಬೆಳೆಯುವ ನೆಲದ ತಾಕನ್ನು ಸೊಸೆಗೆ ಒಪ್ಪಿಸುವಾಗ, ತನಗಿಂತ ಮೊದಲು ಅಲ್ಲಿ ಅಗೆದವರ ಹೆಸರುಗಳನ್ನೂ ಕಲಿಸುತ್ತಾಳಂತೆ. ನೀನು ತಾಕು ತಾಕಿಗೆ ಹೋಗಿ ಆ ಹೆಸರುಗಳನ್ನು ಬರೆದುಕೊಂಡಿದ್ದೆ; ಅವರ ಸಮಾಧಿಗಳನ್ನು ಹುಡುಕಿ ನಕಾಶೆಯಲ್ಲಿ ಗುರುತಿಸಿದ್ದೆ.

ನಾನು ದಂಗಾಗಿದ್ದೆ. ಆದರೆ ಬಾಯಿಂದ ಬಂದದ್ದು —

“ಎಂಟು ದಿನ ಗೈರು. ನಿನ್ನ ಡೈರಿಗೆ ನಾ ಸಹಿ ಮಾಡಂಗಿಲ್ಲ.”

“ಸರ್, ಎಂಟೂ ದಿನ ಕೆಲಸಾನ ಮಾಡೇನ್ರಿ.”

“ಪುಸ್ತಕದಾಗ ಇಲ್ಲದ್ದು ಆಗೇ ಇಲ್ಲ.”

ಸಹಿಯಿಲ್ಲದ ಡೈರಿಯನ್ನು ಕಾಲೇಜು ಒಪ್ಪಲಿಲ್ಲ; ನೀನು ಒಂದು ವರ್ಷ ಹಿಂದೆ ಬಿದ್ದೆ. ನಕಾಶೆ ಮಾತ್ರ ನನ್ನ ಮೇಜಿನ ಮೇಲೆ ಉಳಿಯಿತು.

ವಿಚಾರಣೆಯ ದಿನ ಅರಣ್ಯ ಹಕ್ಕು ಸಮಿತಿಯ ಮುಂದೆ ನಾನು ಅದನ್ನು ಹರಡಿದೆ — ತಯಾರಿಸಿದವರು ಎಂಬಲ್ಲಿ ನನ್ನ ಹೆಸರು ಬರೆದು. ಹಳ್ಳಿಯ ಹಿರಿಯಳು ಜಾನಕಿಬಾಯಿ ಎದ್ದು ನಿಂತಳು. ನಕಾಶೆಯತ್ತ ನೋಡದೆ, ಕಣ್ಣು ಮುಚ್ಚಿ, ತಾಕಿನ ಮೇಲೆ ತಾಕು, ಹೆಸರಿನ ಹಿಂದೆ ಹೆಸರು ಹೇಳುತ್ತ ಹೋದಳು — ಐದು ತಲೆಮಾರು, ಆರು ತಲೆಮಾರು — ಅಧಿಕಾರಿಯ ಬೆರಳು ನಕಾಶೆಯ ಮೇಲೆ ಅವಳನ್ನು ಹಿಂಬಾಲಿಸುತ್ತಿತ್ತು. ಒಂದೂ ತಪ್ಪಲಿಲ್ಲ. ನಲವತ್ತು ವರ್ಷ ನ್ಯಾಯಾಲಯದಲ್ಲಿ ನಿಂತವನು ಸಾಕ್ಷ್ಯವೆಂದರೆ ಏನೆಂದು ಅಂದು ಕಂಡೆ. ಆ ಸತ್ತ ಹೆಂಗಸರೆಲ್ಲ ಬಂದು ಕೂತಂತಿತ್ತು. ಅವರನ್ನು ಕರೆತಂದವಳು ನೀನು — ಅರ್ಜಿ ಗೆದ್ದಾಗ ಹಳ್ಳಿಯವರಿಂದ ಕೈಮುಗಿಸಿಕೊಂಡವನು ನಾನು.

ಆರು ವರ್ಷಗಳಾದ ಮೇಲೆ, ಹೋದ ವಾರ, ಆ ಹಳ್ಳಿಗೆ ಹೋಗಿ ನಿಜ ಹೇಳಿದೆ. ಜಾನಕಿಬಾಯಿ ಗೆಡ್ಡೆಯ ಮಣ್ಣು ಕೊಡವುತ್ತ ನಕ್ಕಳು.

“ಇದನ್ನ ಹೇಳಾಕ ಇಷ್ಟು ದೂರ ಬಂದ್ರೇನ್ರಿ ವಕೀಲಸಾಹೇಬ್ರ? ನಕಾಶಿ ಯಾರದಂತ ನಮಗ ಅವತ್ತ ಗೊತ್ತಿತ್ತು. ಆ ಪೋರಿ ಎಂಟು ದಿನ ನಮ್ಮನ್ಯಾಗ ಉಂಡಾಳ.”

“ಮತ್ತ ಯಾಕ ಸುಮ್ಮನಿದ್ರಿ?”

“ಜಮೀನು ಉಳೀಬೇಕಿತ್ತಲ್ರೀ.”

ಮರಳಿ ಬಂದು ಕಾಲೇಜಿಗೂ ಸಮಿತಿಗೂ ಇದ್ದದ್ದನ್ನು ಇದ್ದಂತೆ ಬರೆದೆ. ನಿನ್ನ ವರ್ಷ ಅದರಿಂದ ಮರಳುವುದಿಲ್ಲ.

ನೀನೀಗ ಹಳಿಯಾಳದಲ್ಲಿ ವಕೀಲಿ ಮಾಡುತ್ತಿರುವೆ ಎಂದು ಕೇಳಿದ್ದೇನೆ. ಸೋಮವಾರ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಬಾಗಿಲಲ್ಲೇ ನಿಂತು, ನಿನ್ನ ಕಕ್ಷಿದಾರರೆಲ್ಲ ಕೇಳುವಂತೆ, ಇದೆಲ್ಲವನ್ನೂ ಹೇಳಿ ಹೋಗುತ್ತೇನೆ.